ಕೇಳುವ ಕೆಲಸ

ಅಪ್ಪ ಲಷ್ಕರ್ ಮೊಹಲ್ಲಾದ ಬ್ಯಾಂಡಿನಲ್ಲಿ ಕ್ಲಾರಿನೆಟ್ ಊದುತ್ತಿದ್ದ.
ಭಾನುವಾರ ಎರಡನೇ ಪೂಜೆಯಲ್ಲಿ ಮಾತ್ರ
ಉದ್ದ ಹಿಡಿಯ ಮಖಮಲ್ಲಿನ ಕಾಣಿಕೆ ಚೀಲ,
ಮಾವು ಇಳಿಸುವ ದೋಟಿಯಂತೆ ಸಾಲುಸಾಲಿಗೆ ಚಾಚುತ್ತಿದ್ದ.
ಕಣ್ಣು ತನ್ನ ಬರಿಗಾಲ ಬೆರಳುಗಳ ಮೇಲೆ.
"ಚೀಲ ಹಿಡಿದವನು ನೋಡಬಾರದು ಜೆಸಿಂತಾ,
ಯಾರದು ನೋಟು, ಯಾರದು ಬರೀ ಬಳೆಯ ಸದ್ದು ಅಂತ."

ನನಗೆ ನೋಡುವುದೇ ಕೆಲಸ.
ಬನ್ನಿಮಂಟಪದ ಆಚೆ ಪಾದ್ರಿಗಳು ಕಟ್ಟಿದ ಕಾನೂನು ಕಾಲೇಜು,
ಮೆಟ್ಟಿಲ ಕೆಳಗಿನ ಕೋಣೆ, ಬಾಗಿಲಿಗೆ ಹಿತ್ತಾಳೆ ಹಲಗೆ:
ಮುಖ್ಯಸ್ಥೆ, ನಿಧಿ ಸಂಗ್ರಹ.
ಕಂಪ್ಯೂಟರಿನಲ್ಲಿ ಸಾವಿರದ ಇನ್ನೂರ ಹದಿನಾರು ಹೆಸರು.
ಯಾರ ಮಗಳ ಮದುವೆ ಯಾವ ಛತ್ರದಲ್ಲಿ,
ಯಾರು ಹೆಬ್ಬಾಳದಲ್ಲಿ ಎರಡನೇ ಶೆಡ್ಡು ಹಾಕಿದರು,
ಯಾರಿಗೆ ಬೈಪಾಸ್ ಆಗಿ ದೇವರ ನೆನಪು ಬಂದಿದೆ,
ಎಲ್ಲ ಬರೆದಿದ್ದೇನೆ.
ಒಮ್ಮೆ ಇದನ್ನು ಪಾಪನಿವೇದನೆಯಲ್ಲೂ ಹೇಳಿಕೊಂಡೆ.
ಜಾಲರಿಯ ಹಿಂದೆ ಫಾದರ್ ಸಿರಿಲ್, ಪ್ರಾಂಶುಪಾಲರೂ ಅವರೇ.
"ಮೂರು ನಮೋಮರಿಯ ಹೇಳಿ," ಅಂದರು. ಕೆಮ್ಮಿದರು.
"ಆ ಶೆಡ್ಡಿನವರ ನಂಬರು ಇದೆಯಾ?"

ಬೇರೆ ಕಾಲೇಜಿನವರಿಗೆ ಸುಲಭ.
ಅವರ ಹುಡುಗರು ಕಂಪನಿಗಳ ಕಡತ ಹೊತ್ತು, ಕಾರು ಕೊಂಡು
ಹತ್ತನೇ ವರ್ಷಕ್ಕೆ ಸಭಾಂಗಣ ಕಟ್ಟಿಸಿಕೊಡುತ್ತಾರೆ.
ನಮ್ಮವರು,
ಬಡವರ ಪರ ನಿಲ್ಲಿ ಎಂದು ಮೊದಲ ದಿನ ಹೇಳಿದ್ದನ್ನು
ನಂಬಿಬಿಟ್ಟರು.
ಸವೇರಿರಾಜ್ ಕಾರ್ಮಿಕ ನ್ಯಾಯಾಲಯದಲ್ಲಿ, ಊದುಬತ್ತಿ ಹೊಸೆಯುವವರ ಕಡೆ.
ನಾಜಿಮಾ ಮಹಿಳಾ ಠಾಣೆಯ ಬೆಂಚಿನಲ್ಲಿ, ಎಷ್ಟು ಹೊತ್ತಿಗೆ ಕರೆದರೂ.
ಪುಟ್ಟಬಸವನಿಗೆ ಪೌರಕಾರ್ಮಿಕರು ಫೀಸೆಂದು
ಸೊಗಡಿನ ಅವರೆಕಾಯಿ ಕೊಟ್ಟರಂತೆ; ಅರ್ಧ ತಂದು ನನ್ನ ಮೇಜಿನ ಮೇಲಿಟ್ಟ.
ರಸೀದಿ ಪುಸ್ತಕದಲ್ಲಿ ಅವರೆಕಾಯಿಗೆ ಕಾಲಂ ಇಲ್ಲ.
ಕಾಲೇಜು ಗೆದ್ದಷ್ಟೂ ನನ್ನ ಖಾತೆ ಸೋಲುತ್ತದೆ.

ಈ ಮಾರ್ಚಿಗೆ ಕಮ್ಮಿ ಬಿದ್ದದ್ದು ಹದಿನೇಳು ಲಕ್ಷ.
ಪಟ್ಟಿಯ ತಳದವರೆಗೂ ಬೆರಳು ಇಳಿಯಿತು:
ಕೆರಗೋಡಿನ ಚೆಲುವಾಂಬ, ಒಂಬತ್ತನೇ ಬ್ಯಾಚು.

ಮಂಡ್ಯ ಕೋರ್ಟಿನೆದುರು ಟೈಪಿಂಗ್ ಅಂಗಡಿಯ ಪಕ್ಕ
ಅವಳದೊಂದು ಪ್ಲಾಸ್ಟಿಕ್ ಮೇಜು, ಒಂದು ಕಾಲಿಗೆ ಇಟ್ಟಿಗೆ ಚೂರು.
ಗಾಳಿಯಲ್ಲಿ ಕಾಕಂಬಿಯ ಹುಳಿ ವಾಸನೆ.
ಕೇಳಲು ಹೋದವಳು ಕೇಳುತ್ತ ಕೂತೆ.
ನಮ್ಮ ಮಾತಿನಲ್ಲಿ ಅದಕ್ಕೂ ಇದಕ್ಕೂ ಪದ ಒಂದೇ,
ಕೈಯೊಡ್ಡಿದರೂ ಅದೇ, ಕಿವಿಯೊಡ್ಡಿದರೂ ಅದೇ.
ಎದುರಿಗೆ ಆಲೆಮನೆಯ ಆಳು. ಗಾಣ ಎರಡು ಬೆರಳು ನುಂಗಿದೆ.
"ನಾಕ್ ಸಾವ್ರ ಕೊಟ್ಟು ಅದ್ಯಾವ್ದೋ ಕಾಗ್ದುಕ್ಕೆ ಒತ್ತುಸ್ಕಂಡವ್ರೆ ಕಣವ್ವಾ."
ಒತ್ತಲು ಹೆಬ್ಬೆಟ್ಟು ಉಳಿದಿತ್ತಲ್ಲ.
ಚೆಲುವಾಂಬ ಬರೆದುಕೊಂಡಳು, ತಾರೀಕು, ಪಾಳಿ, ಗಾಣದ ಕಂಪನಿ.
ಗಂಟೆ ಕಳೆಯಿತು.

ಆಮೇಲೆ ಟೀ ತರಿಸಿ
ನನ್ನ ಬ್ಯಾಗಿನಿಂದ ಇಣುಕುವ ಕರಪತ್ರ ನೋಡಿ ನಕ್ಕಳು.
"ದುಡ್ಡಿಲ್ಲ ಮೇಡಂ. ಒಂದ್ ಹುಡ್ಗಿ ಅವ್ಳೆ.
ಈಗ ಹೋದ್ನಲ್ಲ, ಅವನ ಮಗಳು. ಪಿಯುಸಿ ಎಂಬತ್ತೊಂದು.
ಫೀಸ್ ಕಟ್ಟಕ್ಕಾಗಲ್ಲ, ಹಾಸ್ಟೆಲ್ಲೂ ಬೇಕು.
ಇಸ್ಕೊಳ್ಳಿ."
ಚೆಕ್ಕು ಚಾಚುವವರ ದನಿಯಲ್ಲೇ ಅಂದಳು, ಇಸ್ಕೊಳ್ಳಿ ಅಂತ.

ಮೈಸೂರಿನ ಬಸ್ಸು. ಶ್ರೀರಂಗಪಟ್ಟಣದ ಸೇತುವೆ ದಾಟುವಾಗ
ರಸೀದಿ ಪುಸ್ತಕದ ಬೆನ್ನಿಗೆ ಲೆಕ್ಕ ಬರೆದೆ:
ಹದಿನೇಳಕ್ಕೆ ಐದು ವರ್ಷದ ಫೀಸು, ಊಟ, ಪುಸ್ತಕ, ಕಪ್ಪು ಕೋಟು.
ಹತ್ತೊಂಬತ್ತೂವರೆ.
ನಾಳೆ ಹತ್ತಕ್ಕೆ ಒಂಟಿಕೊಪ್ಪಲಿನಲ್ಲಿ ಗ್ರಾನೈಟಿನ ಮರಿಸ್ವಾಮಪ್ಪನವರು.
ಎರಡು ಸಲ "ಮುಂದಿನ ತಿಂಗಳು" ಅಂದಿದ್ದಾರೆ;
ಅವರ ನಾಯಿ ನನ್ನನ್ನು ಕಂಡರೆ ಬೊಗಳುವುದನ್ನೂ ಬಿಟ್ಟಿದೆ.
ಕಣ್ಣೆತ್ತಿಯೇ ಕೇಳುತ್ತೇನೆ, ಅಪ್ಪಾ.

ಛೆ, ಹುಡುಗಿಯ ಹೆಸರು ಕೇಳುವುದನ್ನೇ ಮರೆತೆ.
ಫೋನು ಮಾಡಬೇಕು.