ಮೂರು ಹಗ್ಗ

ಕರಾರಾದ ಬೆಟ್ಟದಿಂದ ಅಮೃತಶಿಲೆ ಇಳಿಯುವುದು ಹೀಗೆ:
ಮನೆಯಷ್ಟು ದೊಡ್ಡ ಬಂಡೆ, ಮೂರು ಸೆಣಬಿನ ಹಗ್ಗ,
ಸಾಬೂನು ಬಳಿದ ತೊಲೆಗಳು, ಹನ್ನೆರಡು ಜನ.
ಬಂಡೆಯ ಮೂತಿಗೆ ಎದುರಾಗಿ
ಹಿಂದೆ ಹಿಂದೆ ಹೆಜ್ಜೆಯಿಡುತ್ತ ಕೂಗುವವನು ನನ್ನಪ್ಪ ಅರ್ಗಾಂತೆ.
"ಬಿಡು" ಎಂದರೆ ಬಿಡಬೇಕು. "ಹಿಡಿ" ಎಂದರೆ ಹಿಡಿಯಬೇಕು.

"ಅರಸ ಬೇಡ ಅನ್ನುವವನದು ಇದೇನಯ್ಯಾ ಅಪ್ಪಣೆ?"
ಸೋದರಮಾವ ಅಮಿಲ್ಕರೆ ಕೆಣಕುತ್ತಿದ್ದ,
ಎದೆಜೇಬಿನ ಸಮಾಜವಾದಿ ಪಕ್ಷದ ಚೀಟಿ ತಟ್ಟಿಕೊಂಡು.
ಅಪ್ಪ ಹಂದಿಕೊಬ್ಬು ತೆಳ್ಳಗೆ ಸೀಳುತ್ತ ಹೇಳುತ್ತಿದ್ದ:
"ತಪ್ಪಿ ಕೂಗಿದರೆ ಮೊದಲು ಅರೆದುಹೋಗುವುದು ನಾನು.
ಕೆಳಗಿಳಿದ ಮೇಲೆ ನನ್ನ ಮಾತಿಗೂ ನಿನ್ನ ಮಾತಿಗೂ ಒಂದೇ ತೂಕ.
ಅರಸಿಲ್ಲ ಅಂದರೆ ಅಂಕೆಯಿಲ್ಲ ಅಂತಲ್ಲ, ಭಾವ."

(ಶಾಲೆಯಲ್ಲಿ ಗಲಾಟೆಯೆದ್ದರೆ ಮೇಷ್ಟ್ರು
"ಏನಿದು ಅರಾಜಕತೆ!" ಎಂದು ಬೆತ್ತ ಕುಟ್ಟುತ್ತಿದ್ದರು.
ಅಪ್ಪನ ಹೆಸರು ಕರೆದಂತಾಗಿ ನಾನು ಎದ್ದು ನಿಲ್ಲುತ್ತಿದ್ದೆ.
ತಮ್ಮನಿಗೆ ಬಂಡುಕೋರ, ರಿಬೆಲ್ಲೆ, ಎಂದು ಹೆಸರಿಟ್ಟ ಅಪ್ಪನೇ
ರಾತ್ರಿ ಅವನು ಅತ್ತರೆ ಅಮ್ಮನನ್ನು ಎಬ್ಬಿಸುತ್ತಿದ್ದ.)

ಗಣಿ ದುಡಿಯುವವರದಾಗಬೇಕು:
ಅಲ್ಲಿಯತನಕ ಇಬ್ಬರದೂ ಒಂದೇ ದಾರಿ, ಒಂದೇ ಹೂಜಿ.
ಬೀಗದಕೈ ಯಾರ ಸೊಂಟದಲ್ಲಿ ಎಂಬಲ್ಲಿ ಹೂಜಿ ಪಕ್ಕಕ್ಕೆ ಸರಿಯುತ್ತಿತ್ತು.
"ಸದ್ಯಕ್ಕೆ ರೋಮಿನಲ್ಲಿ, ನಮ್ಮವರ ಸರ್ಕಾರದ ಹತ್ತಿರ."
"ಸದ್ಯ ಅನ್ನೋದು ಎಷ್ಟು ವರ್ಷ?"
"ಮತ್ತೆ ರೈಲು ಯಾರು ಓಡಿಸಬೇಕು?
ಎರಡು ಕಣಿವೆಯವರು ನೀರಿಗೆ ಜಗಳವಾಡಿದರೆ?"
ಅಪ್ಪನಲ್ಲಿ ಉತ್ತರವಿರಲಿಲ್ಲ. ಬ್ರೆಡ್ಡಿನ ಚೂರು ಉಂಡೆ ಮಾಡುತ್ತ ಕೂತ.
ಅಮ್ಮ ಕೊಡ ಎತ್ತಿಕೊಂಡಳು:
"ಗಣಿ ಎಲ್ಲರದು. ನೀರು ತರುವುದು ಮಾತ್ರ ನನ್ನೊಬ್ಬಳದು."

ಮಾರ್ಚಿನಲ್ಲಿ ಒಂದು ಹಗ್ಗ ತುಂಡಾಯಿತು.
ಅಪ್ಪ ಕೂಗಲಿಲ್ಲ; ಕಾಲು ತೊಲೆಯಡಿ, ಬಾಯಿತುಂಬ ಬಿಳಿ ಧೂಳು.
ಎರಡನೆಯ ಹಗ್ಗವನ್ನು ಗೂಟಕ್ಕೆ ಸುತ್ತಿ ಹಿಡಿದವನು ಮಾವ.
ಅಂಗೈ ಚರ್ಮ ಸೆಣಬಿಗೇ ಅಂಟಿಹೋಯಿತು.
ಬಂಡೆ ನಿಂತಿತು.

"ಹಿಡಿ ಅಂತ ನಿನಗೆ ಯಾರು ಹೇಳಿದರು?"
ಹಾಸಿಗೆಯಿಂದ ಅಪ್ಪ ಕೇಳಿದ, ಗೆದ್ದವನ ಹಾಗೆ.
ಮಾವ ಪಟ್ಟಿ ಕಟ್ಟಿದ ಕೈಗಳನ್ನು ನೋಡಿಕೊಂಡ.
"ಯಾರೂ ಇಲ್ಲ. ಆದರೆ ಆ ಹಗ್ಗ ಆರು ವರ್ಷ ಹಳೆಯದು, ಅರ್ಗಾಂತೆ.
ವರ್ಷಕ್ಕೊಂದು ಹೊಸ ಹಗ್ಗ ಬೇಕೆಂದರೆ ಕಾನೂನು ಬೇಕು,
ಕಾನೂನಿಗೆ…"
ಅಪ್ಪ ಬಾಯಿ ತೆರೆದ.
ಅಮ್ಮ ಅದರೊಳಗೆ ಒಂದು ಚಮಚ ಗಂಜಿ ಇಟ್ಟಳು.