ಐದನೆಯ ಮೊನೆ

ಪ್ರಳಯದ ಮರುವರ್ಷ, ಪಯಸ್ವಿನಿಯ ಕಯದಲ್ಲಿ,
ಯಾರ ಗಾಜಿನ ತೊಟ್ಟಿಯಿಂದ ತಪ್ಪಿಸಿಕೊಂಡು ಬಂತೋ,
ಹೆಬ್ಬಲಸಿನ ದಿಮ್ಮಿಯಂತೆ ಮೇಲೆದ್ದು ಉಸಿರೆಳೆದು
ಮತ್ತೆ ಮುಳುಗಿತು.
ಮೂತಿ ಮೊಸಳೆಯದು. ಮೈತುಂಬ ಹಂಚು ಹೊದೆಸಿದ ಹಾಗೆ
ಒಂದರ ಬದಿಗೊಂದು, ಹನಿ ನೀರು ಇಳಿಯದ ಹಾಗೆ.
ಕಡವಿನ ಕುಂಞಪ್ಪುವಿನ ಬಲೆ ಮೂರು ಸಲ ಹರಿದು
ನಾಲ್ಕನೆಯ ಸಲ ಬಲೆಯೇ ಬರಲಿಲ್ಲ.
ಪೊಡಿಯ ಮಾವ ಬಾಯಿಂದ ಬೀಡಿ ತೆಗೆದರು:
'ಉಂದು ಮೀನ್ ಅತ್ತ್.'
ತುಸು ತಡೆದು,
'ಆದರೂ ಮೀನೇ. ನೋಡುವ.'

ಕೊಡೆಕಡ್ಡಿಯ ಮೊನೆ ಮೊದಲೇ ಇತ್ತು ಅವರಲ್ಲಿ,
ಮುಳ್ಳೇರಿಯದ ಅದ್ರಾಮನ ಅಂಗಡಿಯದು.
ಮಡೆಂಜಿಗೆ, ಮುಗುಡಿಗೆ, ಎಷ್ಟೋ ಮಳೆಗಾಲ
ನಮ್ಮ ಗಂಜಿಯ ಬದಿಗೆ ಸಾರು ತಂದದ್ದು.
ಮಾಡಿಗೆ ಬಿದ್ದ ಗೇರುಬೀಜದ ಹಾಗೆ ಟಣ್ಣೆಂದು
ಹಾರಿ ಎತ್ತಲೋ ಹೋಯಿತು.
ಬೈನೆಯ ಕರೀ ತಿರುಳು ಕೆತ್ತಿ ಕೆಂಡಕ್ಕೆ ಕಾಯಿಸಿದ್ದು
ತುದಿ ಮಡಚಿ, ನಾಚಿಕೊಂಡು ಬಂತು.
ಹಂದಿಯ ಮೂಳೆಯದು... ಅದರ ಮಾತು ಬೇಡ.

ಒಲೆಯ ಹೊಗೆಯಲ್ಲಿ ಕೂತು ಮೂರು ರಾತ್ರಿ
ನಾನು ಅವರ ಕೈ ನೋಡಿದೆ.
ಬಲಗೈಯ ತೋರುಬೆರಳು ಅರ್ಧವೇ ಇತ್ತು.
ಹರಿತ ಸವರಿ ನೋಡುವುದು ಆ ಅರ್ಧದಿಂದಲೇ,
'ಪೂರ್ತಿ ಇರುವ ಬೆರಳು ಸುಳ್ಳು ಹೇಳುತ್ತದೆ ಮಾರಾಯ.'
ರಾಳ ಕರಗಿಸಿ, ಜೇನುಮೇಣ ಬೆರೆಸಿ,
ಚಿಟಿಕೆ ಇದ್ದಿಲ ಪುಡಿ ಉದುರಿಸಿ
ವಾಟೆಯ ಸೀಳಿಗೆ ಮೊನೆ ಕೂರಿಸಿ ನೂಲು ಸುತ್ತುವಾಗ
ಉಸಿರು ಹಿಡಿಯುತ್ತಿದ್ದರು.
ನಾನೂ ಹಿಡಿಯುತ್ತಿದ್ದೆ, ಯಾಕೆಂದು ಗೊತ್ತಿಲ್ಲದೆ.

ಕಡಪ್ಪುರದ ಸೀನಕ್ಕ ಮೀನುಬುಟ್ಟಿಯ ಅಡಿಯಿಂದ
ತೊರಕೆಯ ಬಾಲದ ಮುಳ್ಳು ತೆಗೆದು ಕೊಟ್ಟಳು,
ಗೇಣುದ್ದ, ಎರಡೂ ಬದಿ ಗರಗಸ.
'ನನ್ನ ಗಂಡನ ಕಾಲಿಗೆ ಹೊಕ್ಕದ್ದು ಇದು.
ಕೆಲಸ ಆದ ಮೇಲೆ ಹಿಂದೆ ಕೊಡಬೇಕು.'
ಬಾಣ ತಾಗಿತು. ನೀರು ಮೈ ಕೊಡವಿತು.
ಮುಳ್ಳು ಬುಡದಲ್ಲೇ ಲಟಕ್ಕೆಂದಿತು.
ಹಗ್ಗ ಎಳೆದರೆ ಬರಿಯ ವಾಟೆ,
ಅದರ ಸೀಳಿನಲ್ಲಿ ಸಿಕ್ಕಿಕೊಂಡು
ಒಂದು ಹುರುಪೆ.

ಇಸ್ಪೀಟಿನ ಡೈಮಂಡಿನ ಆಕಾರ.
ಉಗುರಿನಿಂದ ತಟ್ಟಿದರೆ ಪಿಂಗಾಣಿ.
ಮಾವ ಕಚ್ಚಿ ನೋಡಿದರು, ದೀಪಕ್ಕೆ ಹಿಡಿದು ನೋಡಿದರು,
ಕತ್ತಿಯಿಂದ ಗೀರಿದರು. ಕತ್ತಿ ಜಾರಿತು.
ಆ ವಾರದಲ್ಲಿ ಅವರು ನಕ್ಕದ್ದು ಅದೇ ಮೊದಲು:
'ನಾವು ಊರೆಲ್ಲ ಹುಡುಕಿದ್ದು.
ಇದು ಮೈಮೇಲೆ ಹೊತ್ತುಕೊಂಡೇ ತಿರುಗುತ್ತಿತ್ತು.'

ಸಾಣೆಕಲ್ಲಿಗೆ ನೀರು. ಒಂದು ಬದಿ. ಮತ್ತೊಂದು ಬದಿ.
ಅರ್ಧ ಬೆರಳು. ಇನ್ನೂ ಸಾಲದು. ಮತ್ತೆ ನೀರು.
ಆದೂರಿನ ಕಡೆಯಿಂದ ಬೆಳಗಿನ ಬಾಂಗು ಕೇಳುವಾಗ
ಮೊನೆ ತಯಾರು, ಮೇಣ ಇನ್ನೂ ಬೆಚ್ಚಗೆ.

ಅದು ಮೇಲೆದ್ದು ಉಸಿರೆಳೆಯುವ ಹೊತ್ತಿಗೆ
ಕಿವಿರಿನ ಹಿಂದೆ, ಹಂಚಿಗೂ ಹಂಚಿಗೂ ಸಂದು ಇರುವಲ್ಲಿ...
ಬಿಲ್ಲು ಬಗ್ಗಿದ್ದು ಕಂಡಿತು, ಬಿಟ್ಟದ್ದು ಕಾಣಲಿಲ್ಲ.
ಈ ಸಲ ಟಣ್ಣೆನ್ನಲಿಲ್ಲ.
ತನ್ನ ಹುರುಪೆಯನ್ನು ಅದು ಒಳಗೆ ಬಿಟ್ಟುಕೊಂಡಿತು
ರಾತ್ರಿ ತಡವಾಗಿ ಬಂದ ಮನೆಯವರಿಗೆ
ಕೇಳದೆಯೇ ಅಗುಳಿ ತೆಗೆದ ಹಾಗೆ.

ಆಮೇಲೆ ಹಗ್ಗ.
ಮಾವನ ಅಂಗೈ ಸುಟ್ಟು, ಬಂಡೆಯ ಪಾಚಿ ಕಿತ್ತು,
ತುದಿಗೆ ಕಟ್ಟಿದ್ದ ಎರಡು ತೆಂಗಿನ ಸಿಪ್ಪೆ
ನೀರ ಮೇಲೆ ಒಂದು ಗಳಿಗೆ ಕುಣಿದು
ಚಂದ್ರಗಿರಿಯ ದಿಕ್ಕಿಗೆ ಓಡಿ ಮುಳುಗಿದವು.

ಕಯ ಮೊದಲಿನಂತೆಯೇ ಹಸಿರು. ಒಂದು ಮಿಂಚುಳ್ಳಿ.
ಅಳುವುದೋ ಕೇಕೆ ಹಾಕುವುದೋ ತಿಳಿಯದೆ
ನಾನು ಮೊಣಕಾಲು ನೀರಲ್ಲಿ ನಿಂತಿದ್ದೆ.
ಮಾವ ಅಂಗೈಗೆ ಉಗುಳು ಸವರಿಕೊಂಡರು.
'ಮೊನೆ ಸರಿಯಿತ್ತು,' ಅಂದರು.
'ಹಗ್ಗ ಗಿಡ್ಡ ಆಯಿತು.
ಸೀನಕ್ಕನಿಗೆ ಎಂತ ಹೇಳುವುದು ಈಗ?'