ಸೀಟಿನ ತಗ್ಗು

ತಿಕೋಟಾದ ಹಳೇ ಟ್ರ್ಯಾಕ್ಟರ್ ಅಂಗಳದಾಗ
ದಾವಲಸಾಬ ಬಾನೆಟ್ ಎತ್ತಿ
ತಮ್ಮ ಗೊಲ್ಲಾಳಗ ಹೇಳತಿದ್ದ:
ಎರಡ ಸಾವಿರದ ನಾಕನೂರ ತಾಸ ಓಡೇದ, ಅಷ್ಟ.
ಓಡಸಾಕಿ ನಾನು. ಹತ್ತಿ ಕುಂತೆ.

ಸೀಟಿನ ಲೆಕ್ಕ ಬ್ಯಾರೆ ಇತ್ತು.
ಎಡಕ್ಕ ಒಂದು ತಗ್ಗು,
ಯಾವನೋ ವರ್ಷಗಟ್ಲೆ ವಾರಿಯಾಗಿ ಕುಂತದ್ದು.
ಮ್ಯಾಲ ಕೌದಿಯ ತುಂಡು, ಸುತಳಿಲೆ ಬಿಗದದ್ದು;
ಹೊಲಿಗಿ ಯಾರ ಕೈದೋ, ಸಣ್ಣದು, ಒತ್ತೊತ್ತಾಗಿ.

ತುಳದದ್ದು ಕ್ಲಚ್ಚು, ಹಿಡದದ್ದು ನಡ.
ಗೇರಿನ ಕೋಲು ತೊಡಿ ನಡಬರಕ;
ಸೀರಿ ಉಟ್ಟವರ ನೆನಪ
ಕಂಪನಿಯವರಿಗೆ ಆಗಿರಲಿಲ್ಲ.
ದ್ರಾಕ್ಷಿ ಚಪ್ಪರದ ತಂತಿ ನೆನಸಿ
ತಲಿ ಬಗ್ಗಿಸಿ ನೋಡಿದೆ: ಅದೊಂದು ಸಾಕಾಗತದ.

"ಇಂಜಿನ್ ಬೆಣ್ಣಿ ಐತ್ರಿ ಅಕ್ಕಾರ."
"ಇಂಜಿನ್ ಮ್ಯಾಲ ಕೂಡೂದಿಲ್ರೀ ನಾ.
ಇಲ್ಲಿ ಕುಂತಾವ ಈಗ ಎಲ್ಲಿದ್ದಾನ?"

ನಕ್ಕ. ಆಮ್ಯಾಲ ನಗಲಿಲ್ಲ.
"ಬಬಲೇಶ್ವರದಾಗ. ಬೆನ್ನಿಗೆ ಪಟ್ಟಾ ಕಟಗೊಂಡು
ಒಣದ್ರಾಕ್ಷಿ ತೂಗತಾನ. ನಿಂತ."

ಸುತಳಿ ಬಿಚ್ಚಿದೆ. ಕೌದಿ ಝಾಡಿಸಿ, ಮಡಚಿ,
ಅವನ ಕೈಯಾಗ ಇಟ್ಟೆ:
"ಇದು ಅವರ ಮನಿಗೆ ಮುಟ್ಲಿ.
ಸೀಟು ಹೊಸಾದು ಹಾಕ್ರಿ, ಕ್ಲಚ್ ಹಗರ ಮಾಡ್ರಿ,
ಆಮ್ಯಾಲ ರೊಕ್ಕದ ಮಾತು."

ಗೊಲ್ಲಾಳ ಇನ್ನೂ
ಬಾನೆಟ್ಟಿನಾಗ ತಲಿ ಹಾಕಿ ನಿಂತಿದ್ದ.